ಗುಂಡವ್ವ ಯಾವ ಇಲಾಖೆಗೆ?

"ಇವ್ರಿಗೆ ಏನೂ ರೋಗ ಇಲ್ಲ. ಅಡ್ಮಿಟ್ ಮಾಡ್ಕೊಳ್ಳಾಕ ಬರೂದಿಲ್ಲ" ಎಂದು ಡಾಕ್ಟರು ಸ್ಟೆಥಸ್ಕೋಪನ್ನು ಕೊರಳಿಗೆ ಹಾಕಿಕೊಂಡರು. ಅವರು ಆಸ್ಪತ್ರೆಯ ಮೆಟ್ಟಿಲಿಳಿದು ಬಂದು, ಜೀಪಿನ ಹಿಂದಿನ ಸೀಟಿನಲ್ಲೇ ಗುಂಡವ್ವನನ್ನು ತಪಾಸಣೆ ಮಾಡಿದ್ದರು. ಜೀಪು ವೃದ್ಧಾಶ್ರಮಗಳಿಗೆ ಅನುದಾನ ಕೊಡುವ ಇಲಾಖೆಯದು. ಅದರ ಪಕ್ಕದಲ್ಲಿ ಬೆಳಿಗ್ಗೆಯಷ್ಟೇ ವೃದ್ಧಾಶ್ರಮದ ತಪಾಸಣೆ ಮುಗಿಸಿ ಬಂದ ಅಧಿಕಾರಿ ಚನ್ನಬಸಯ್ಯ ನಿಂತಿದ್ದರು. ಆಶ್ರಮದ ಮೇಲ್ವಿಚಾರಕಿ ರಾಜೇಶ್ವರಿ, ಗುಂಡವ್ವನ ಬಟ್ಟೆಯ ಗಂಟನ್ನು ಎದೆಗವಚಿಕೊಂಡಿದ್ದಳು.

"ರೋಗ ಇಲ್ಲ ಅಂದ್ರ ಹ್ಯಾಂಗ್ರಿ? ಎದ್ದು ನಿಲ್ಲಾಕ ಬರೂದಿಲ್ಲ ಆಕಿಗೆ" ಎಂದರು ಚನ್ನಬಸಯ್ಯ. "ತಾವ ಏಳಬೇಕು, ತಾವ ಅಡ್ಡಾಡಬೇಕು, ತಾವ ಜಳಕಾ ಮಾಡಬೇಕು. ಅಂಥವ್ರು ಇದ್ರಷ್ಟ ಆಶ್ರಮಕ್ಕ ಅನುದಾನ. ಆಗದವ್ರು ದವಾಖಾನಿಗೆ. ನಾ ಮಾಡಿದ ನಿಯಮ ಅಲ್ರಿ ಇದು."

"ಸೊಂಟದ ಮೂಳಿ ಮುರದಿತ್ತು, ಸೊಟ್ಟ ಕೂಡೇತಿ. ಇನ್ನ ಅದು ಹಂಗ ಇರೂದು. ಗುಳಿಗಿ ಇಲ್ಲ, ಆಪರೇಶನ್ ಇಲ್ಲ. ಚಿಕಿತ್ಸಾ ಇಲ್ಲದವ್ರಿಗೆ ಕಾಟ್ ಕೊಟ್ರ ನಾಳಿ ಮ್ಯಾಲಿನವ್ರು ನನ್ನ ಕೇಳ್ತಾರ. ನಂದೂ ನಿಯಮ ಅಲ್ರಿ."

ರಾಜೇಶ್ವರಿ ತಡೆಯಲಾಗದೆ ಚನ್ನಬಸಯ್ಯನವರತ್ತ ತಿರುಗಿದಳು. "ಹಾಸಿಗಿ ಹಿಡಿದವ್ರನ್ನ ನೋಡ್ಕೊಳ್ಳಾಕ ಆಶ್ರಮಕ್ಕ ಒಬ್ಬಾಕಿ ನರ್ಸ್ ಕೊಡ್ರಿ ಅಂತ ನಾವು ಕೇಳಿದ್ವಿ. ಆಶ್ರಮ ದವಾಖಾನಿ ಅಲ್ಲ ಅಂತ ನೀವ ಉತ್ತರಾ ಕೊಟ್ರಿ."

"ಆಶ್ರಮ ದವಾಖಾನಿ ಅಲ್ಲೇ ಅಲ್ರಿ, ಅಕ್ಕಾರ" ಎಂದರು ಚನ್ನಬಸಯ್ಯ. "ಅದಕ್ಕ ಇಲ್ಲಿಗೆ ತಂದದ್ದು."

ಬೆಳಿಗ್ಗೆ ಗುಂಡವ್ವ ಸುಮ್ಮನೆ ಮಂಚದ ಮೇಲೆ ಕೂತಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂಬುದೇ ರಾಜೇಶ್ವರಿಯ ಸಂಕಟ. ಗುಂಡವ್ವ ಹಲಸಂಗಿಯವಳು. ಹಿಂದೆಮುಂದೆ ಯಾರೂ ಇಲ್ಲ. ಹರೆಯವನ್ನೆಲ್ಲ ಸಿಂದಗಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಕಳೆದವಳು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಕಾಲಿನ ಓಡಾಟ ನಿಂತಿತೇ ಹೊರತು ಕೈಯ ಕೆಲಸ ನಿಲ್ಲಲಿಲ್ಲ. ಆಶ್ರಮದ ಅಷ್ಟೂ ಮಂದಿಯ ರೊಟ್ಟಿಯನ್ನು ಕೂತಲ್ಲೇ ಬಡಿಯುತ್ತಿದ್ದಳು. ಮಂಚದಿಂದ ಒಲೆಯವರೆಗೆ ಅವಳನ್ನು ಗೋಣಿಚೀಲದ ಮೇಲೆ ಕೂರಿಸಿ, ಆಶ್ರಮದ ಇನ್ನೊಬ್ಬ ಮುದುಕಿ, ಮನಗೂಳಿಯ ಪೀರಬಿ ಎಳೆದೊಯ್ಯುತ್ತಿದ್ದಳು. ನುಣುಪಾದ ಫರಸಿಕಲ್ಲಿನ ನೆಲದ ಮೇಲೆ ಚೀಲ ಸರಾಗವಾಗಿ ಜಾರುತ್ತಿತ್ತು. "ಸರೀರಿ, ಬಸ್ ಬಂತು" ಎಂದು ಪೀರಬಿ ಕೂಗಿದರೆ ಇಡೀ ಪಡಸಾಲೆ ನಗುತ್ತಿತ್ತು.

ಎದ್ದು ನಿಲ್ಲಲಾಗದವರು ಯಾರೆಂದು ಗೊತ್ತಾಗದಿರಲೆಂದೇ, ತಪಾಸಣೆಯ ದಿನ ಯಾರೂ ಮಂಚ ಬಿಟ್ಟು ಇಳಿಯಬಾರದು ಎಂದು ರಾಜೇಶ್ವರಿ ತಾಕೀತು ಮಾಡಿದ್ದಳು. ಆದರೆ ಹೆಂಚಿನ ಮೇಲಿನ ರೊಟ್ಟಿ ಆರುವುದರೊಳಗೆ ಸಾಹೇಬರ ತಾಟಿಗೆ ಬೀಳದಿದ್ದರೆ ಗುಂಡವ್ವನಿಗೆ ಸಮಾಧಾನವೆಲ್ಲಿ? ಮಡಿಲಲ್ಲಿ ರೊಟ್ಟಿಯ ಬುಟ್ಟಿ ಇಟ್ಟುಕೊಂಡು, ಪೀರಬಿಯಿಂದ ಎಳೆಸಿಕೊಂಡು, ಪಡಸಾಲೆಯ ನಟ್ಟನಡುವೆ ಬಂದೇಬಿಟ್ಟಳು. ಚನ್ನಬಸಯ್ಯ ಎಣ್ಣೆಗಾಯಿಯ ಜೊತೆ ಉಂಡರು, ಮತ್ತೊಂದು ರೊಟ್ಟಿ ಹಾಕಿಸಿಕೊಂಡರು, ಛಲೋ ಆಗ್ಯಾವ ಎಂದರು. ಕೈತೊಳೆದು ಬಂದ ಮೇಲೆ ಕೇಳಿದರು: "ಈಕಿ ಯಾಕ ಎದ್ದು ನಿಲ್ಲವೊಲ್ಲಳು?"

"ಇವ್ರು ನನಗ ಬ್ಯಾನಿ ಇಲ್ಲ ಅಂತಾರ, ಅವ್ರು ನೆಟ್ಟಗಿಲ್ಲ ಅಂತಾರ" ಎಂದಳು ಜೀಪಿನೊಳಗಿಂದ ಗುಂಡವ್ವ. "ನಡಕ್ಕ ಕೊಯ್ದು ಮ್ಯಾಲಿಂದು ಆಶ್ರಮಕ್ಕ ಕೊಡ್ರಿ, ಕೆಳಗಿಂದು ದವಾಖಾನಿಗೆ ಇಟ್ಕೋರಿ. ಇಬ್ರದೂ ನಿಯಮ ಉಳೀತಾವ."

ಜೀಪಿನ ಡ್ರೈವರ್ ನಕ್ಕ. ಚನ್ನಬಸಯ್ಯ ಅವನತ್ತ ನೋಡಿದರು. ಅವನು ಸ್ಟೀರಿಂಗ್ ಒರೆಸತೊಡಗಿದ.

"ನಾ ಆಯೀನ ವಾಪಸ್ ಕರಕೊಂಡು ಹೋಗ್ತೇನಿ" ಎಂದಳು ರಾಜೇಶ್ವರಿ. "ಏನ್ ಮಾಡ್ತೀರಿ ಮಾಡ್ರಿ."

"ಕರಕೊಂಡು ಹೋಗ್ರಿ, ಬ್ಯಾಡ ಅನ್ನೂದಿಲ್ಲ" ಎಂದರು ಚನ್ನಬಸಯ್ಯ, ದನಿ ಏರಿಸದೆ. "ಅನುದಾನ ನಿಲ್ತೈತಿ. ಉಳಿದ ಮುದುಕ್ರಿಗೆ ಏನ್ ಉಣಿಸ್ತೀರಿ, ಅಷ್ಟ ಹೇಳ್ರಿ."

ಆಶ್ರಮದ ಜೋಳ, ಬೇಳೆ, ಸೀಮೆಎಣ್ಣೆ ಎಲ್ಲವೂ ಆ ಅನುದಾನದಿಂದಲೇ ಬರಬೇಕು. ಈ ಮಾತು ಚನ್ನಬಸಯ್ಯನವರಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದರು. ಡಾಕ್ಟರು ಗಡಿಯಾರ ನೋಡಿಕೊಂಡರು. ಅವರ ಹಿಂದೆ, ಆಸ್ಪತ್ರೆಯ ಕಿಟಕಿಯಾಚೆ, ಗಾದಿ ಸುತ್ತಿಟ್ಟ ಖಾಲಿ ಕಾಟುಗಳು ಕಾಣುತ್ತಿದ್ದವು.

"ಸಾಹೇಬ್ರ, ಒಂದ್ ಮಾತ ಕೇಳ್ಲ್ಯಾ?" ಎಂದಳು ಗುಂಡವ್ವ. "ನಾ ಈಗ ಇಲ್ಲೇ, ಈ ಜೀಪಿನಾಗ ಸತ್ತೆ ಅಂತ ತಿಳೀರಿ. ನನ್ನ ಯಾರ್ ಒಯ್ಯೋರು?"

"ಪುರಸಭೆ" ಎಂದರು ಡಾಕ್ಟರು. "ಪುರಸಭೆ" ಎಂದರು ಚನ್ನಬಸಯ್ಯ. ಇಬ್ಬರ ಮಾತೂ ಒಟ್ಟಿಗೇ ಹೊರಬಿತ್ತು.

"ವಾರಸುದಾರ್ ಇಲ್ಲದ ಹೆಣಕ್ಕ ನಿಯಮ ಅಗದಿ ಸ್ಪಷ್ಟ ಐತಿ" ಎಂದು ಡಾಕ್ಟರು ಬಿಡಿಸಿ ಹೇಳಿದರು. "ಫೋನ್ ಮಾಡಿದ್ರ ಗಾಡಿ ಬರ್ತೈತಿ. ಜಾಗಾನೂ ಅವ್ರ ಕೊಡ್ತಾರ."

ಚನ್ನಬಸಯ್ಯ ಹೌದೆಂದು ತಲೆಯಾಡಿಸಿದರು.

ಗುಂಡವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು ರಾಜೇಶ್ವರಿಯತ್ತ ತಿರುಗಿದಳು.

"ಕೇಳಿದೇನವಾ ತಂಗಿ? ಉಸರು ಒಂದ್ ಅಡ್ಡ ಬಂದೈತಿ. ಇಲ್ಲಂದ್ರ ನನ್ನೂ ಇಟ್ಕೊಳ್ಳೋರು ಅದಾರ."