ಕರೆಂಟ್ ಹೋದಾಗಿನ ಚಹಾ

ನಮ್ಮ ಓಣಿಯಲ್ಲಿ ಈಗ ನೋವು ಸಂಜೆ ಒಂದು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಎಲ್ಲರ ಬೆನ್ನುಹುರಿಯ ಪಕ್ಕ ಕೂರಿಸಿದ ಯಂತ್ರ, ಬೀದಿಯ ವಿದ್ಯುತ್ತನ್ನು ಹೀರಿ ನರಗಳನ್ನು ಮಲಗಿಸಿರುತ್ತದೆ. ದಿನವೂ ಕರೆಂಟ್ ತೆಗೆಯುವ ಆ ಗಂಟೆಗೆ ವಿದ್ಯುತ್ ಕಚೇರಿಯವರು 'ನಿರ್ವಹಣೆ' ಎಂಬ ಸೌಮ್ಯವಾದ ಹೆಸರಿಟ್ಟಿದ್ದಾರೆ.

ಯಂತ್ರವಿಲ್ಲದವನು ನಾನೊಬ್ಬನೇ. ಎಡಗಾಲಿನ ಉರಿ ಹಗಲಿರುಳೂ ನನಗೆ ನಿಷ್ಠೆಯಿಂದಿದೆ. ಪಕ್ಕದ ಮನೆಯ ಗುರುಬಸಪ್ಪ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡಿ ಬಂದು, "ಇನ್ನೂ ಕುಂಟಾಕತ್ತೀರೇನ್ರಿ, ರಾಯರ? ಹಾಕಿಸ್ಕೊಂಡ್ಬಿಡ್ರಿ!" ಎಂದು ಉಪದೇಶಿಸುತ್ತಾರೆ. ನಾಳೆ ನನಗೂ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆ. ಆದರೂ ಮನಸ್ಸಿನಲ್ಲಿ ಒಂದು ಅನುಮಾನ ಉಳಿದಿತ್ತು.

ಇಂದು ಸಂಜೆ ಕರೆಂಟ್ ಹೋಯಿತು. ನೋವಿನ ರೂಢಿ ತಪ್ಪಿದ ಓಣಿಯೆಲ್ಲ ಒಂದೇ ಶ್ರುತಿಯಲ್ಲಿ ನರಳಿತು. ನಾನು ಎಂದಿನಂತೆ ಚಹಾದ ಫ್ಲಾಸ್ಕ್ ಹಿಡಿದು ಮನೆಯಿಂದ ಮನೆಗೆ ಕುಂಟಿದೆ.

ಗುರುಬಸಪ್ಪ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. "ನಾಳಿಂದ ನೀವೂ ನಮ್ಹಂಗ ಮಲಗಿ ಒದರಾಡ್ತೀರಿ. ಈ ಹೊತ್ತಿಗೆ ನಮಗ ಯಾರು ದಿಕ್ಕು, ರಾಯರ? ಹಾಕಿಸ್ಕೋಬ್ಯಾಡ್ರಿ!"

ನನ್ನ ಅನುಮಾನವೂ ಅದೇ ಆಗಿತ್ತು. ಆಗಲಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಕರೆಂಟ್ ಬಂತು. ಗುರುಬಸಪ್ಪ ಕೈ ಬಿಟ್ಟು, ಎದ್ದು ಕುಳಿತು, ಅಂಗಿಯ ಕಾಲರ್ ಸರಿಪಡಿಸಿಕೊಂಡು ಒಂದು ಗುಟುಕು ಚಹಾ ಹೀರಿದರು.

"ಸಕ್ಕರಿ ಕಡಿಮಿ ಬಿದ್ದೈತಿ ನೋಡ್ರಿ."

ಮನೆಗೆ ಬಂದು ಆಸ್ಪತ್ರೆಯ ಚೀಲ ಕಟ್ಟಿಕೊಂಡೆ.