ಬಸಲಿಂಗವ್ವ ಕೊಟ್ಟ ಸೂಕ್ಷ್ಮಜೀವಿಗಳು

ದೀರ್ಘ ಕಾಯಿಲೆಯ ಔಷಧಿಗಳಿಂದ ಸಾವಂತ್ರೆವ್ವನ ಕರುಳಿನ ಸೂಕ್ಷ್ಮಜೀವಿಗಳು ಸತ್ತುಹೋಗಿದ್ದವು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಗದಗಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಮಾಡುವಂತೆ ಅವಳ ಕರುಳಿನದೂ ಒಂದು ನಕಲನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬಂಧುಗಳ ಸೂಕ್ಷ್ಮಜೀವಿಗಳನ್ನು ಒಬ್ಬೊಬ್ಬರದಾಗಿ ಅದರೊಳಗೆ ಬಿಟ್ಟು ನೋಡಿದರು. ಮಕ್ಕಳವು ಉಳಿಯಲಿಲ್ಲ. ಬದುಕಿ ಬೆಳೆದದ್ದು ಹಿರಿಯ ವಾರಗಿತ್ತಿ ಬಸಲಿಂಗವ್ವನವು ಮಾತ್ರ. ಇಬ್ಬರೂ ಬೇರೆ ಒಲೆ ಹೂಡಿ, ಮಾತು ಬಿಟ್ಟು ವರ್ಷಗಳಾಗಿದ್ದವು.

ಹೇಳಿಕಳಿಸಿದ ದಿನವೇ ಬಸಲಿಂಗವ್ವ ಬಂದು ಕೊಡಬೇಕಾದ್ದನ್ನು ಕೊಟ್ಟಳು. ಅದರೊಳಗಿನ ಸೂಕ್ಷ್ಮಜೀವಿಗಳನ್ನು ಗುಳಿಗೆ ಮಾಡಿ ಸಾವಂತ್ರೆವ್ವನಿಗೆ ನುಂಗಿಸಿದ ಮೇಲೆ ಡಾಕ್ಟರ್ ಫಿರ್ದೋಸ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಈ ಜೀವಿಗಳಿಗೆ ಬಸಲಿಂಗವ್ವನವರ ಕೈಯಡಗಿ ರೂಢಿ ಐತ್ರಿ. ಕಂಪ್ಯೂಟರ್‌ನ್ಯಾಗ ಬೇರೆ ಊಟ ಹಾಕಿ ನೋಡಿದ್ವಿ, ವಾರದೊಳಗ ಸಾಯ್ತಾವ."

ಸಾವಂತ್ರೆವ್ವ ತಲೆ ತಗ್ಗಿಸಿದಳು. ಹೇಗೆ ಕೇಳುವುದೆಂದು ಅವಳಿಗೆ ತಿಳಿಯಲಿಲ್ಲ.

"ದಿನಾ ಬುತ್ತಿ ಕಟ್ಟಿ ಕಳಸೂದು ನನ್ನ ಕೈಲೆ ಆಗೂದಿಲ್ಲ," ಎಂದಳು ಬಸಲಿಂಗವ್ವ. ಸಾವಂತ್ರೆವ್ವನ ಮುಖ ಇನ್ನಷ್ಟು ಇಳಿಯಿತು. "ನೀನ ಬಂದು ಕುಂತು ಉಣ್ಣು. ನಾನೂ ಒಬ್ಬಾಕೀನ ಉಣತೀನಿ."

ಸಾವಂತ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಖಾರ ಒಂಚೂರು ಕಡಿಮಿ ಹಾಕು, ಯಕ್ಕಾ," ಅಂದಳು.

"ಅದನ್ನ ಡಾಕ್ಟರಿಗೆ ಕೇಳು," ಎನ್ನುತ್ತ ಬಸಲಿಂಗವ್ವ ಅವಳ ಕೈಹಿಡಿದು ಎಬ್ಬಿಸಿದಳು.