ತಾಮ್ ಆರಿಸಿದ ಮರಿ

"ಬೆನ್ನು ಮುಟ್ಟಬೇಡ ತಂಗಿ, ಈಗಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ್ದೀನಿ," ಎಂದ ತಾಮ್.

ಲಾಯ್ ಚಾಚಿದ ಕೈ ಹಿಂದೆಗೆದಳು. ಮೇಜಿನ ಮೇಲೆ ತಾಮ್‌ನ ಗಂಡುನಾಯಿ ವೆನ್ ಮದುಮಗನ ಹಾಗೆ ನಿಂತಿತ್ತು. ಫೂ ಕ್ವಾಕ್ ದ್ವೀಪದ ನಾಯಿಗಳಿಗೆ ಬೆನ್ನಿನ ಮೇಲೆ ಕೂದಲು ತಿರುಗಿ ಬೆಳೆದ ಸುಳಿ ಇರುತ್ತದೆ. ವೆನ್‌ನದು ಕತ್ತಿಯ ಅಚ್ಚು ಒತ್ತಿದಂತೆ ಭುಜದಿಂದ ಸೊಂಟದವರೆಗೆ ಇಳಿದಿತ್ತು. ಆ ಸುಳಿಗೆ ಮರುಳಾಗಿ ದ್ವೀಪದವರೆಲ್ಲ ಬೆದೆಗೆ ಬಂದ ಹೆಣ್ಣುನಾಯಿಗಳನ್ನು ಇಲ್ಲಿಗೇ ಕರೆತರುತ್ತಿದ್ದರು. ಇವತ್ತೂ ಗೇಟಿನ ಬಳಿ, ಮೀನಿನ ಸಾಸ್ ಮಾಡುವ ಚಿನ್ ಮಾವ ತಮ್ಮ ನಾಯಿಯನ್ನು ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದರು.

ಲಾಯ್‌ಳ ಕಾಲಿಗೆ ಒತ್ತಿಕೊಂಡು ಅವಳ ಕಪ್ಪುನಾಯಿ ಮುಕ್ ಕೂತಿತ್ತು. ಕಳೆದ ಸಲ ಅದು ಕಾಳುಮೆಣಸಿನ ತೋಟದಲ್ಲಿ ತಾನೇ ಗುಂಡಿ ತೋಡಿ, ವೆನ್‌ನಿಂದ ನಾಲ್ಕು ಮರಿ ಹಾಕಿತ್ತು. ರೂಢಿಯಂತೆ ಗಂಡುನಾಯಿಯ ಯಜಮಾನನಾದ ತಾಮ್ ಮೊದಲು ಬಂದು ತನಗೆ ಬೇಕಾದ ಮರಿಯನ್ನು ಆರಿಸಿಕೊಂಡು ಹೋದ. ಉಳಿದ ಮೂರಕ್ಕೆ ಬೆನ್ನಿನ ಮೇಲೆ ಬಾವು ಬಂತು, ಕೀವಾಯಿತು. ಹಿಂಗಾಲು ಎಳೆದುಕೊಂಡು ತೆವಳುತ್ತಲೇ ಮೂರೂ ಸತ್ತವು. "ತೇವದ ಜಾಗದಲ್ಲಿ ಗುಂಡಿ ತೋಡಿದೆ, ತಪ್ಪು ತಾಯಿದು," ಎಂದುಬಿಟ್ಟ ತಾಮ್. ಊರೂ ಹೂಂಗುಟ್ಟಿತು. ಲಾಯ್ ಕೂಡ ನಂಬಿ, ಎಷ್ಟೋ ದಿನ ಮುಕ್‌ನ ಮುಖ ನೋಡದೆ ಅನ್ನ ಹಾಕಿದ್ದಳು.

ಕೊನೆಯ ಮರಿ ಸತ್ತಾಗ ಪಶುವೈದ್ಯರು ಬೇರೆಯೇ ಮಾತು ಹೇಳಿದ್ದರು. ಇದು ನೆಲದಿಂದ ಬರುವುದಲ್ಲ, ವಂಶದಲ್ಲಿ ಬರುವುದು. ಚರ್ಮದಿಂದ ಬೆನ್ನುಮೂಳೆಯ ಕಡೆಗೆ ಸಣ್ಣ ಕೊಳವೆಯೊಂದು ಇಳಿದಿರುತ್ತದೆ, ಎಳೆಮರಿಯಲ್ಲೇ ಬೆರಳಿಗೆ ದಾರದಂತೆ ಸಿಗುತ್ತದೆ. ಮುಕ್‌ನ ಬೆನ್ನಿನಲ್ಲಿ ಅಂಥದ್ದೇನೂ ಇರಲಿಲ್ಲ. ವಯಸ್ಸಾಗುತ್ತಿದೆ, ಇನ್ನು ಒಂದೇ ಸೂಲು, ಗಂಡನ್ನು ನೋಡಿ ಆರಿಸು ಎಂದಿದ್ದರು. ಹಾಗಾಗಿ "ಹೋದ ಸಲ ನಷ್ಟವಾಯ್ತಲ್ಲ, ಈ ಸಲ ಪುಕ್ಕಟೆ" ಎಂದು ತಾಮ್ ಕರೆದಾಗ ಲಾಯ್ ಬಂದದ್ದು ಸುಳಿ ನೋಡುವುದಕ್ಕಲ್ಲ.

"ಎಣ್ಣೆ ನಾನೇ ಮತ್ತೆ ಹಚ್ಚಿಕೊಡ್ತೀನಿ ಅಣ್ಣ," ಎಂದವಳೇ ವೆನ್‌ನ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಹಿಂದಕ್ಕೆ ಸವರುತ್ತಾ ಬಂದಳು. ನಾಯಿ, ಪಾಪ, ಬಾಲ ಆಡಿಸಿತು. ಭುಜಗಳ ನಡುವೆ, ಎಣ್ಣೆ ಹಾಕಿ ಅಂಟಿಸಿದ ಕೂದಲಿನಡಿ, ಹೊಲಿಗೆಯ ಗೆರೆ ಬೆರಳಿಗೆ ತಗುಲಿತು.

"ಇದೇನಣ್ಣ?"

"ಮರಿ ಇದ್ದಾಗ ಮುಳ್ಳುತಂತಿ ಗೀರಿದ್ದು."

"ತಂತಿ ಇಷ್ಟು ನೆಟ್ಟಗೆ ಗೀರುತ್ತಾ? ಇದು ಕೊಯ್ದು ಹೊಲಿದಿರೋದು. ಒಳಗಿಂದ ಏನು ತೆಗೆಸಿದ್ರಿ?"

ತಾಮ್ ನಕ್ಕ. "ಮೆಣಸು ಬಿಡಿಸೋ ಕೈಗೆ ಡಾಕ್ಟರಿಕೆ ಯಾವಾಗ ಬಂತು? ಏನೋ ಇತ್ತು, ತೆಗೆಸಿ ಆಯ್ತು. ನಾಯಿ ಗುಂಡುಕಲ್ಲಿನಂಗೆ ಇದೆಯಲ್ಲ."

"ಬೆನ್ನಿಂದ ತೆಗೆಸಿದ್ರಿ. ಹುಟ್ಟೋ ಮರಿಗಳಿಂದ ಯಾರು ತೆಗೀತಾರೆ?"

"ಮೆಲ್ಲಗೆ ಮಾತಾಡು, ಮಾವಂಗೆ ಕೇಳಿಸುತ್ತೆ. ಹೋಗ್ಲಿ, ಈ ಸಲ ನಾನು ಮರಿ ಆರಿಸೋದೇ ಇಲ್ಲ. ಎಲ್ಲಾ ನೀನೇ ಇಟ್ಕೋ, ಸಾಕಾ?"

ಆರಿಸುವ ಮಾತು ಕೇಳಿದ್ದೇ ಲಾಯ್‌ಳ ಮೈ ಉರಿದುಹೋಯಿತು. ಅವತ್ತು ತಾಮ್ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಮರಿಯನ್ನು ಅಂಗೈಗೆ ತೆಗೆದುಕೊಂಡದ್ದು ಕಣ್ಣಿಗೆ ಕಟ್ಟಿತು. ಅಂದವಾದ ಸುಳಿಯ ಮೂರನ್ನೂ ಅವಳಿಗೇ ಬಿಟ್ಟು, ಸೊಟ್ಟ ಸುಳಿಯ ಬಡಕಲು ಮರಿಯನ್ನು ಎತ್ತಿಕೊಂಡು ಹೋಗಿದ್ದ. ಎಂಥ ದೊಡ್ಡ ಮನಸ್ಸು ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

"ಅವತ್ತು ನಾಲ್ಕೂ ಮರಿಗಳ ಬೆನ್ನು ಸವರಿ, ದಾರದಂಥದ್ದು ಸಿಗದ ಒಂದನ್ನೇ ಎತ್ಕೊಂಡು ಹೋದ್ರಿ ನೀವು," ಎಂದಳು. ದನಿ ಗೇಟಿನವರೆಗೂ ಕೇಳುವಷ್ಟು ಗಟ್ಟಿಯಾಗಿತ್ತು. "ಮುದ್ದು ಮಾಡ್ತಿದ್ದೀರಿ ಅಂದ್ಕೊಂಡು ನಾನು ನಿಮಗೆ ಕಾಫಿ ಮಾಡೋಕೆ ಒಳಗೆ ಹೋದೆ."

ಲಾಯ್ ಮುಕ್‌ನ ಹಗ್ಗ ಹಿಡಿದು ಹೊರಗೆ ನಡೆದಳು. ಗೇಟಿನಲ್ಲಿ ಚಿನ್ ಮಾವ ತಮ್ಮ ನಾಯಿಯನ್ನು ಕಂಬಕ್ಕೆ ಕಟ್ಟಿ ಒಳಗೆ ಬಂದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ವೆನ್‌ನ ಬೆನ್ನಿನ ಕಡೆಗೆ ಕೈ ಚಾಚಿದರು.